ಮಸೀದಿಯ ಬಾಗಿಲಲ್ಲಿ ಕೇಳಿದ ಹಳೆಯ ದನಿ



ಕುಷ್ಟಗಿಯ ನನ್ನ ಬಾಲ್ಯವನ್ನು ನೆನೆದಾಗಲೆಲ್ಲ ಮಸೀದಿಯ ಬಾಗಿಲೊಂದು ಕಣ್ಣಿಗೆ ಕಟ್ಟುತ್ತದೆ. ಸಂಜೆಯ ನಮಾಜು ಮುಗಿಯುವ ಹೊತ್ತಿಗೆ ಜ್ವರ ಬಂದ ಕೂಸುಗಳನ್ನು ಸೆರಗಿನಲ್ಲಿ ಸುತ್ತಿಕೊಂಡ ತಾಯಂದಿರು ಅಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಜಾತಿಮತಗಳ ವಿಚಾರಣೆ ಆ ಸಾಲಿನಲ್ಲಿರಲಿಲ್ಲ. ಒಂದು ಸಂಜೆ ನಮ್ಮವ್ವನೂ ಅಲ್ಲಿ ನಿಂತಿದ್ದಳು. ನನ್ನ ಎಳೆಯ ತಂಗಿ ಮೂರು ದಿನಗಳಿಂದ ಮೊಲೆಗೆ ಬಾಯಿಟ್ಟಿರಲಿಲ್ಲ. ಹೊರಬಂದ ಹಿರಿಯರೊಬ್ಬರು ತುಟಿಯಲ್ಲೇ ಏನನ್ನೋ ಓದಿ, ಕೂಸಿನ ಮುಖಕ್ಕೆ ಮೆಲ್ಲನೆ ಊದಿ, "ಅಂಜಬ್ಯಾಡವ್ವಾ" ಎಂದರು. ಓದಿದ್ದೇನೆಂದು ಅವ್ವ ಕೇಳಲಿಲ್ಲ. ಅದನ್ನು ಹುಡುಕಿಕೊಂಡು ಹೋದವನು ನಾನು, ಬಹಳ ವರ್ಷಗಳ ಅನಂತರ.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಓದುವುದು ಕುರಾನಿನ ಮೊದಲ ಅಧ್ಯಾಯವಾದ ಫಾತಿಹಾ ಹಾಗೂ ಎರಡನೆಯ ಅಧ್ಯಾಯದ 255ನೆಯ ವಾಕ್ಯವಾದ ಆಯತುಲ್ ಕುರ್ಸಿ. ದೇವರಿಗೆ ತೂಕಡಿಕೆಯೂ ಇಲ್ಲ, ನಿದ್ರೆಯೂ ಇಲ್ಲವೆಂಬ ಭಾವ ಈ ವಾಕ್ಯದಲ್ಲಿದೆ. ಯೆಹೂದ್ಯರ 121ನೆಯ ಕೀರ್ತನೆಯಲ್ಲಿಯೂ ಅದೇ ಭಾವವುಂಟು. ಅಲ್ಲಿ ಆತ ಇಸ್ರಾಯೇಲಿನ ಕಾವಲುಗಾರ. ಇಲ್ಲಿ ಭೂಮ್ಯಾಕಾಶಗಳ ಒಡೆಯ.

ಒಂಬತ್ತನೆಯ ಶತಮಾನದ ಅಬೂ ದಾವೂದರ ಹದೀಸ್ ಸಂಕಲನದಲ್ಲಿ ರೋಗಿಗಾಗಿ ಹೇಳುವ ಪ್ರಾರ್ಥನೆಯೊಂದಿದೆ. ಅದರ ಪರಂಪರೆಯ ಬಗೆಗೆ ಮುಸ್ಲಿಂ ವಿದ್ವಾಂಸರಲ್ಲಿಯೇ ಚರ್ಚೆಯುಂಟು. ಆದರೆ ಸ್ವರ್ಗದಲ್ಲಿರುವ ದೇವರು, ಆತನ ನಾಮದ ಪಾವಿತ್ರ್ಯ, ಭೂಮ್ಯಾಕಾಶಗಳಲ್ಲಿ ನಡೆಯುವ ಆತನ ಆಜ್ಞೆ, ಪಾಪಗಳ ಕ್ಷಮೆ, ಇವೆಲ್ಲ ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ನೆನಪಿಗೆ ತರುತ್ತವೆ. ವ್ಯತ್ಯಾಸವೂ ಅಷ್ಟೇ ಸ್ಪಷ್ಟ. ಯೇಸು ತಂದೆಯೆಂದು ಕರೆದವನನ್ನು ಈ ಪ್ರಾರ್ಥನೆ ಒಡೆಯನೆಂದು ಕರೆಯುತ್ತದೆ. ಯೇಸು ಅಂದಿನ ರೊಟ್ಟಿಯನ್ನು ಬೇಡಿದರೆ ಇದು ನೋವಿನ ಶಮನವನ್ನು ಬೇಡುತ್ತದೆ.

ಯಾರು ಯಾರಿಂದ ಪಡೆದರು? ಮದೀನದಲ್ಲಿ ಯೆಹೂದ್ಯರೂ ನಜ್ರಾನಿನಲ್ಲಿ ಕ್ರೈಸ್ತರೂ ಇದ್ದರೆಂದು ಇತಿಹಾಸಕಾರರು ನೆನಪಿಸುತ್ತಾರೆ. ನಂಬುವವರಿಗಾದರೋ ಇದರಲ್ಲಿ ಆಶ್ಚರ್ಯವೇ ಇಲ್ಲ: ಮೂಸಾರ ತೌರಾತ್, ದಾವೂದರ ಜಬೂರ್, ಈಸಾರ ಇಂಜೀಲ್, ಎಲ್ಲವನ್ನೂ ಕೊಟ್ಟವನು ಒಬ್ಬನೇ. ನಮಾಜಿನ ಕೊನೆಯಲ್ಲಿ ಇಬ್ರಾಹಿಮರನ್ನೂ ಅವರ ಮನೆತನವನ್ನೂ ಸ್ಮರಿಸುವ ರೂಢಿ ಕೊಪ್ಪಳ, ಗಂಗಾವತಿ, ಯಲಬುರ್ಗಾಗಳ ಮಸೀದಿಗಳಲ್ಲಿ ಇಂದಿಗೂ ನಡೆದಿದೆ.

ನೆರೆಯ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ಶ್ರಮಿಸಿದರು. ಆ ಕೀರ್ತನೆಗಳು ನಮ್ಮ ಸೀಮೆಗೆ ಗ್ರಂಥವಾಗಿ ಬಂದ ದಾರಿ ಅದು. ಅವುಗಳ ಒಂದು ಭಾವ ಅರಬ್ಬಿಯ ಉಸಿರಾಗಿಯೂ ಬಂದು ನಮ್ಮ ಕೂಸುಗಳ ಹಣೆಯನ್ನು ಸೋಕಿತ್ತು.

ಆ ತಂಗಿ ಉಳಿಯಲಿಲ್ಲ. ಆದರೂ ಮುಂದಿನ ಕೂಸಿಗೆ ಜ್ವರ ಬಂದಾಗ ಅವ್ವ ಮತ್ತೆ ಅದೇ ಬಾಗಿಲಿಗೆ ಹೋದಳು. ಏಕೆಂದು ಆಗ ನನಗೆ ತಿಳಿದಿರಲಿಲ್ಲ. ಮೂರು ರಾತ್ರಿ ಕಣ್ಣು ಮುಚ್ಚದೆ ಕುಳಿತವಳಿಗೆ, ನಿದ್ರಿಸದವನು ಇನ್ನೊಬ್ಬನಿದ್ದಾನೆ ಎಂಬ ಮಾತನ್ನು ಅವರು ಓದುತ್ತಿದ್ದರು. ಅರ್ಥ ತಿಳಿಯದಿದ್ದರೂ ಆ ಮಾತು ಅವಳನ್ನು ತಲುಪಿತ್ತೆಂದೇ ನಾನು ನಂಬಿದ್ದೇನೆ.