ತಾಯಂದಿರ ಮೂಳೆ: ಕುಟುಂಬದ ಹೊಣೆ

(ಮಹಿಳಾ ಸಮಾವೇಶವೊಂದರಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)





ಪವಿತ್ರ ಕುರ್‌ಆನಿನ ಮರ್ಯಮ್ ಅಧ್ಯಾಯದ ಆರಂಭದಲ್ಲಿ ಪ್ರವಾದಿ ಝಕರಿಯಾ(ಅ)ರ ಪ್ರಾರ್ಥನೆಯಿದೆ. ತಮ್ಮ ಮುಪ್ಪನ್ನು ಅಲ್ಲಾಹನ ಮುಂದೆ ನಿವೇದಿಸುವಾಗ ಅವರು ಮೊದಲು ಹೇಳುವುದು ಮೂಳೆಗಳ ದುರ್ಬಲತೆಯನ್ನು. ತಲೆಯ ನರೆಯ ಮಾತು ಅನಂತರ ಬರುತ್ತದೆ. ವಯಸ್ಸಾದಂತೆ ಮೂಳೆ ಸೊರಗುವುದು ಸೃಷ್ಟಿಯ ನಿಯಮ. ಆದರೆ ಬಚ್ಚಲಲ್ಲಿ ಜಾರಿದ ತಾಯಿಯ ಸೊಂಟ ಮುರಿದಾಗ ಅದನ್ನು ಕೇವಲ ವಿಧಿಯೆಂದು ಹೇಳಿ ಕೈ ತೊಳೆದುಕೊಳ್ಳುವುದು ಸರಿಯಲ್ಲ. ಅದಕ್ಕೆ ಮುಂಚಿನ ಇಪ್ಪತ್ತು ವರ್ಷಗಳಲ್ಲಿ ಆ ಮನೆಯವರು ಮಾಡಬಹುದಾಗಿದ್ದ ಕೆಲಸಗಳು ಬಹಳಷ್ಟಿದ್ದವು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಮಂಡಿ ನೋವನ್ನು ನಮ್ಮಲ್ಲಿ 'ಮೂಳೆ ಸವೆತ' ಎನ್ನುತ್ತಾರೆ. ಅದು ಕೀಲಿನ ರೋಗ. ಆಸ್ಟಿಯೊಪೊರೋಸಿಸ್ ಬೇರೆ. ಇದರಲ್ಲಿ ಮೂಳೆಯ ಒಳಗಿನ ಹೆಣಿಗೆ ತೆಳುವಾಗಿ, ಮೂಳೆ ಟೊಳ್ಳಾಗುತ್ತದೆ. ಮುರಿಯುವ ತನಕ ನೋವಿರುವುದಿಲ್ಲ. ಆದ್ದರಿಂದಲೇ ಇದು ಅಪಾಯಕಾರಿ. ಜಗತ್ತಿನಲ್ಲಿ 50 ವರ್ಷ ದಾಟಿದ ಮೂವರು ಸ್ತ್ರೀಯರಲ್ಲಿ ಒಬ್ಬರಿಗೆ, ಐವರು ಪುರುಷರಲ್ಲಿ ಒಬ್ಬರಿಗೆ ಈ ಕಾರಣದಿಂದ ಮೂಳೆ ಮುರಿಯುತ್ತದೆಂದು ಅಂದಾಜಿದೆ.

ಮೂಳೆ ಜೀವಂತ ಅಂಗ. ಹಳೆಯದನ್ನು ಕರಗಿಸಿ ಹೊಸದನ್ನು ಕಟ್ಟುವ ಕೆಲಸ ಅದರಲ್ಲಿ ನಿರಂತರ ನಡೆಯುತ್ತದೆ. ಸುಮಾರು 30ನೆಯ ವಯಸ್ಸಿನ ವರೆಗೆ ಕಟ್ಟುವುದು ಹೆಚ್ಚು. ಅನಂತರ ಕ್ರಮೇಣ ಕರಗುವುದು ಹೆಚ್ಚು. ಮುಟ್ಟು ನಿಂತಾಗ ಈಸ್ಟ್ರೋಜನ್ ಕುಸಿದು, ಮುಂದಿನ ಐದಾರು ವರ್ಷಗಳಲ್ಲಿ ಮೂಳೆ ವೇಗವಾಗಿ ಸೊರಗುತ್ತದೆ. ಹಾಗಾಗಿ ಇಂದು ಶಾಲೆಗೆ ಹೋಗುವ ನಮ್ಮ ಹೆಣ್ಣುಮಕ್ಕಳು ತಿನ್ನುವ ಅನ್ನ, ಕುಡಿಯುವ ಹಾಲು, ಆಡುವ ಆಟ ಅವರ ಮುಪ್ಪಿನ ಠೇವಣಿ. ಗಂಡುಮಕ್ಕಳಿಗೆ ಬಡಿಸಿ ಉಳಿದದ್ದನ್ನು ಹೆಣ್ಣುಮಕ್ಕಳಿಗೆ ಕೊಡುವ ಮನೆ ಆ ಠೇವಣಿಯನ್ನು ಕಬಳಿಸುತ್ತಿದೆ.

ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಶಿಫಾರಸು ಮಾಡಿದೆ. ಇದಕ್ಕೆ ದುಬಾರಿ ಡಬ್ಬಿಗಳು ಬೇಕಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ ಸುಮಾರು 300 ಮಿಲಿಗ್ರಾಂ ಇದೆ. ನುಗ್ಗೆಸೊಪ್ಪು, ಎಳ್ಳು, ಮುಳ್ಳುಸಹಿತ ತಿನ್ನಬಹುದಾದ ಸಣ್ಣ ಮೀನುಗಳೂ ಒಳ್ಳೆಯ ಮೂಲಗಳು. ದಿನವೂ ಬಿರಿಯಾನಿ ಉಂಡರೂ ಮೂಳೆಗೆ ಬೇಕಾದದ್ದು ಸಿಗದೆ ಹೋಗಬಹುದು.

ಆ ಕ್ಯಾಲ್ಸಿಯಂ ರಕ್ತಕ್ಕೆ ಸೇರಲು ವಿಟಮಿನ್ ಡಿ ಬೇಕು. ಬಿಸಿಲಿನ ನಾಡಾದ ಭಾರತದಲ್ಲೇ ಇದರ ಕೊರತೆ ವ್ಯಾಪಕವಾಗಿದೆ. ಇದಕ್ಕೆ ಪರ್ದಾವನ್ನು ದೂಷಿಸುವುದು ಕೆಲವರಿಗೆ ಸುಲಭ. ಆದರೆ ಕಚೇರಿಯೊಳಗೆ ಕುಳಿತಿರುವ, ಪರ್ದಾ ಕಾಣದ ಜನರಲ್ಲೂ ಈ ಕೊರತೆಯಿದೆ. ಪರ್ದಾ ಪಾಲಿಸುವ ಸ್ತ್ರೀಗೆ ಮನೆಯೊಳಗಾದರೂ ಬಿಸಿಲು ಸಿಗುವಂತೆ ಮಾಡುವುದು ಮನೆ ಕಟ್ಟುವವನ ಕರ್ತವ್ಯ. ಮರೆಯಿರುವ ತಾರಸಿ ಅಥವಾ ಹಿತ್ತಲಿನಲ್ಲಿ ಮುಖ, ತೋಳುಗಳಿಗೆ ದಿನವೂ ಸ್ವಲ್ಪ ಹೊತ್ತು ಬಿಸಿಲು ಬೀಳಲಿ. ಮುಂಜಾನೆಯ ಎಳೆಬಿಸಿಲಿಗಿಂತ ಹನ್ನೊಂದರ ಅನಂತರದ ಬಿಸಿಲು ಇದಕ್ಕೆ ಹೆಚ್ಚು ಉಪಯುಕ್ತ. ಆಗದವರು ವೈದ್ಯರ ಸಲಹೆಯಂತೆ ಮಾತ್ರೆ ಸೇವಿಸಬೇಕು. ಇದರ ಜೊತೆಗೆ ನಡಿಗೆ ಬೇಕು; ಭಾರ ಹೊರದ ಮೂಳೆ ಬಲಗೊಳ್ಳುವುದಿಲ್ಲ. ಸ್ತ್ರೀಯರು ನಿರ್ಭಯವಾಗಿ ನಡೆಯಬಲ್ಲ ಉದ್ಯಾನಕ್ಕಾಗಿ ನಗರಸಭೆಯನ್ನು ಒತ್ತಾಯಿಸುವುದೂ ನಮ್ಮ ರಾಜಕೀಯದ ಭಾಗವಾಗಲಿ.

ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕು? 65 ದಾಟಿದ ಸ್ತ್ರೀಯರು, ಬೇಗನೆ ಮುಟ್ಟು ನಿಂತವರು, ಸಣ್ಣ ಬೀಳುವಿಕೆಗೇ ಮೂಳೆ ಮುರಿದವರು, ಎತ್ತರ ಕಡಿಮೆಯಾಗಿ ಬೆನ್ನು ಬಾಗಿದವರು, ಅಸ್ತಮಾ ಅಥವಾ ಸಂಧಿವಾತಕ್ಕೆ ತಿಂಗಳುಗಟ್ಟಲೆ ಸ್ಟಿರಾಯ್ಡ್ ನುಂಗಿದವರು. ಹೆಸರಿಲ್ಲದ ಪುಡಿ, ಮಾತ್ರೆಗಳಲ್ಲೂ ಸ್ಟಿರಾಯ್ಡ್ ಬೆರೆತಿರಬಹುದು, ಎಚ್ಚರ. ಡೆಕ್ಸಾ ಪರೀಕ್ಷೆ ನೋವಿಲ್ಲದ್ದು, ಕೆಲವೇ ನಿಮಿಷಗಳದ್ದು. ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್.

ಚಿಕಿತ್ಸೆಯಿದೆ. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್, ವರ್ಷಕ್ಕೊಮ್ಮೆ ನರಕ್ಕೆ ಕೊಡುವ ಜೊಲೆಡ್ರೊನಿಕ್ ಆಮ್ಲ, ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಅವುಗಳಲ್ಲಿ ಕೆಲವು. ಅಲೆಂಡ್ರೊನೇಟನ್ನು ಖಾಲಿ ಹೊಟ್ಟೆಯಲ್ಲಿ ಲೋಟ ತುಂಬ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಏನನ್ನೂ ತಿನ್ನದೆ, ಮಲಗದೆ ಇರಬೇಕು. ರಮಝಾನಿನಲ್ಲಿ ಇದರ ಸಮಯವನ್ನು ವೈದ್ಯರಲ್ಲಿ ಮೊದಲೇ ಕೇಳಿ ಗೊತ್ತುಪಡಿಸಿಕೊಳ್ಳಿ. ಡೆನೊಸುಮ್ಯಾಬನ್ನು ನಡುವೆ ತಾವಾಗಿ ನಿಲ್ಲಿಸಿದರೆ ಬೆನ್ನೆಲುಬು ಮುರಿಯುವ ಅಪಾಯ ಹೆಚ್ಚುತ್ತದೆ.

ಇನ್ನು ಬೀಳದಂತೆ ಕಾಯುವ ಮಾತು. ವುಝೂ ಮಾಡುವಾಗ ಒಂದು ಕಾಲೆತ್ತಿ ಬೇಸಿನ್ ಮೇಲಿಟ್ಟು ತೊಳೆಯುವ ಅಭ್ಯಾಸ ವೃದ್ಧರಿಗೆ ಬೇಡ. ಕುಳಿತು ತೊಳೆಯಲು ಒಂದು ಸ್ಟೂಲ್ ಇಡಿ. ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿ. ಫಜ್ರ್‌ಗೆ ಏಳುವವರ ದಾರಿಯಲ್ಲಿ ದೀಪವಿರಲಿ. ಬೆನ್ನೆಲುಬು ಮುರಿದವರು ಬಾಗುವುದು ಅಪಾಯಕರ. ಅವರು ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಲಿ. ನಿಲ್ಲಲಾಗದವನು ಕುಳಿತು, ಅದೂ ಆಗದವನು ಮಲಗಿ ನಮಾಝ್ ಮಾಡಲು ಪ್ರವಾದಿ(ಸ) ಅನುಮತಿಸಿದ್ದಾರೆ. ಆ ರಿಯಾಯಿತಿಯನ್ನು ಸ್ವೀಕರಿಸುವುದರಲ್ಲಿ ಸಂಕೋಚವೇಕೆ?

ಸೊಂಟ ಮುರಿದರೆ ಎಣ್ಣೆ ಹಚ್ಚಿ ಮಲಗಿಸಬೇಡಿ. ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾಗುವುದು ಉತ್ತಮ. ಹಾಸಿಗೆ ಹಿಡಿದವರನ್ನು ನ್ಯುಮೋನಿಯಾ, ಬೆನ್ನ ಹುಣ್ಣುಗಳು ಕಾಡುತ್ತವೆ. ಸೊಂಟ ಮುರಿದವರಲ್ಲಿ ಸುಮಾರು ಐವರಲ್ಲೊಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ.

ಮಗಳ ಮದುವೆಗೆ ಸಾಲ ಮಾಡಿ ಲಕ್ಷಗಳನ್ನು ಸುರಿಯುವ ನಾವು, ಆ ಮಗಳನ್ನು ಹೆತ್ತವಳ ಒಂದು ಪರೀಕ್ಷೆಗೆ ಹಿಂದೆಮುಂದೆ ನೋಡುತ್ತೇವೆ. ಅವಳೂ ಕೇಳುವುದಿಲ್ಲ, 'ನನಗೇನಾಗಿದೆ' ಎನ್ನುತ್ತಾಳೆ. ಹೆತ್ತವರ ಸೇವೆಯೆಂದರೆ ಅವರು ಹಾಸಿಗೆ ಹಿಡಿದ ಮೇಲೆ ಮಾಡುವ ಶುಶ್ರೂಷೆ ಮಾತ್ರವಲ್ಲ. ಅವರು ಹಾಸಿಗೆ ಹಿಡಿಯದಂತೆ ನೋಡಿಕೊಳ್ಳುವುದೂ ಸೇವೆಯೇ. ದೇಹವು ಅಲ್ಲಾಹನ ಅಮಾನತು. ನಮ್ಮ ತಾಯಂದಿರು ಕೊನೆಯ ವರೆಗೂ ತಮ್ಮ ಕಾಲ ಮೇಲೆ ನಿಲ್ಲುವಂತಾಗಲಿ, ಅವರ ಹಕ್ಕನ್ನು ಸಲ್ಲಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.