ನಡುಗುವ ಹಲಗೆ, ಕುಲುಕುವ ಟ್ರ್ಯಾಕ್ಟರ್

ಮಾಸೂರು, ಹಿರೇಕೆರೂರು ಕಡೆಯವರು ಸಿಕ್ಕಾಗಲೆಲ್ಲ ಕೇಳುವುದು ಒಂದೇ: "ನಡುಗೋ ಹಲಗಿ ಮ್ಯಾಲ ಹತ್ತು ನಿಮಿಷ ನಿಂತ್ರ ಮೊಳಕಾಲ ಬಾವು ಇಳೀತದಂತ, ಖರೇನ್ರೀ?" ಒಬ್ಬರಂತೂ, "ದಿನಾ ಆರು ತಾಸು ಟ್ರ್ಯಾಕ್ಟರ್ ಮ್ಯಾಲ ಕುಲುಕ್ತೀನಿ, ನನಗ್ಯಾಕ್ರೀ ಆ ಮಶೀನು?" ಅಂದರು. ಮೊದಲು ಹಲಗೆಯ ಮಾತು, ಆಮೇಲೆ ಟ್ರ್ಯಾಕ್ಟರಿನದು.

ವ್ಯಾಯಾಮಕ್ಕೆಂದು ಮಾರುವ ಈ ಮಶೀನಿನ ಹಲಗೆ ಸೆಕೆಂಡಿಗೆ ಸುಮಾರು 20ರಿಂದ 40 ಸಲ ನಡುಗುತ್ತದೆ, ಅದೂ ಕೆಲವೇ ಮಿಲಿಮೀಟರ್. ಆ ನಡುಕಕ್ಕೆ ಮೀನಖಂಡ, ತೊಡೆಯ ಸ್ನಾಯುಗಳು ತಾವಾಗಿಯೇ ಬಿಗಿಯುತ್ತವೆ. ದುಡಿಯುವ ಸ್ನಾಯು ಇಂಟರ್‌ಲ್ಯೂಕಿನ್-6 ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ರಕ್ತ ಪರೀಕ್ಷೆಯಲ್ಲಿ ಇದು ಏರಿದ್ದರೆ ಉರಿಯೂತದ (ಬಾವಿನ) ಗುರುತೆಂದು ಡಾಕ್ಟರು ಹುಬ್ಬು ಗಂಟಿಕ್ಕುತ್ತಾರೆ. ಆದರೆ ದುಡಿದ ಸ್ನಾಯುವಿನಿಂದ ಬಂದದ್ದು ಉರಿಯೂತ ತಣಿಸುವ ಇಂಟರ್‌ಲ್ಯೂಕಿನ್-10 ಅನ್ನು ಹಿಂದೆಯೇ ಕರೆತರುತ್ತದೆ. ಡೆನ್ಮಾರ್ಕಿನ ವಿಜ್ಞಾನಿ ಬೆಂಟೆ ಪೆಡರ್ಸನ್ ವರ್ಷಗಟ್ಟಲೆ ಬೆನ್ನು ಹತ್ತಿದ ವಿಷಯವಿದು. ಅಂದರೆ ಗುಣ ಹಲಗೆಯದಲ್ಲ, ಸ್ನಾಯುವಿನದು. ಹಲಗೆ ಬರೀ ಚಿವುಟುತ್ತದೆ, ದುಡಿಯುವುದು ಸ್ನಾಯು.

ಟ್ರ್ಯಾಕ್ಟರಿನ ಕುಲುಕು ಬೇರೆಯದೇ ಜಾತಿ. ನಿಧಾನ, ದೊಡ್ಡದು, ಹೆಚ್ಚಾಗಿ ಸೆಕೆಂಡಿಗೆ 2ರಿಂದ 8 ಸಲ. ಕೂತ ಮನುಷ್ಯನ ಬೆನ್ನುಮೂಳೆ ಸುಮಾರು 4ರಿಂದ 6 ಸಲದ ಕುಲುಕಿಗೆ ತಾನೂ ಸೇರಿ ಜೀಕುತ್ತದೆ. ಪಂಚಮಿ ಜೋಕಾಲಿ ನೆನಪಿಸಿಕೊಳ್ಳಿ: ಹದ ನೋಡಿ ತಳ್ಳಿದರೆ ಸಣ್ಣ ಹುಡುಗಿಯೂ ದೊಡ್ಡವರನ್ನು ಮಾಮರದ ಟೊಂಗೆಗೆ ಮುಟ್ಟಿಸುತ್ತಾಳೆ. ನಿಮ್ಮ ಬೆನ್ನನ್ನು ಸೀಟು ತಳ್ಳುವುದೂ ಹಾಗೇ, ದಿನಾ ಆರು ತಾಸು! ಹುಡುಗನಿದ್ದಾಗ ನಾನೂ ಮದಗದ ಕೆರೆ ಕಡೆಯ ಹೊಲಗಳಲ್ಲಿ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಸಂಜೆತನಕ ಕೂತವನೇ. ರಾತ್ರಿ ಮಗ್ಗಲು ಬದಲಿಸಲು ಆಗುತ್ತಿರಲಿಲ್ಲ. ಅದನ್ನು ವ್ಯಾಯಾಮ ಅನ್ನಬೇಡಿ. ಸ್ಪ್ರಿಂಗ್ ಸತ್ತ ಸೀಟಿನ ಮೇಲೆ ಗೋಣಿಚೀಲ ಮಡಚಿ ಹಾಕಿದರೂ ಕುಲುಕು ನಿಲ್ಲುವುದಿಲ್ಲ. ಸೀಟು ರಿಪೇರಿ ಮಾಡಿಸಿ, ತಾಸಿಗೊಮ್ಮೆ ಇಳಿದು ಅಡ್ಡಾಡಿ.

ಮತ್ತೆ ಹಲಗೆಗೆ ಬರೋಣ. "ಹಲಗೆ ಮೇಲೆ ನಿಂತರೆ ನಡೆದಷ್ಟೇ ಲಾಭ" ಎಂಬ ಸುದ್ದಿ ಎಲ್ಲಿಂದ ಬಂತು ಗೊತ್ತೇ? 2017ರಲ್ಲಿ ಅಮೆರಿಕದ ಅಗಸ್ಟಾ ವಿಶ್ವವಿದ್ಯಾಲಯದವರು ಬೊಜ್ಜು, ಮಧುಮೇಹ ಇದ್ದ ಇಲಿಗಳನ್ನು ದಿನಕ್ಕೆ 20 ನಿಮಿಷ, 12 ವಾರ ಹಲಗೆಯ ಮೇಲೆ ಇಟ್ಟು ನೋಡಿದ್ದರು. ಇಲಿಗಳನ್ನು, ಸ್ವಾಮಿ! ನಡೆಯಬಲ್ಲವರು ನಡೆಯಿರಿ. ನಡೆಯಲು ತ್ರಾಣವಿಲ್ಲದ ಹಿರಿಯರಿಗೆ ಹಲಗೆ ಒಂದು ಆಸರೆಯಾದೀತು.

ಹಲಗೆಯ ಮೇಲೆ ಮೊಳಕಾಲು ತುಸು ಬಾಗಿರಲಿ, ಕೋಲಿನಂತೆ ನಿಂತರೆ ನಡುಕ ತಲೆಗೇರುತ್ತದೆ. ಬಸುರಿಯರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರು, ಈಚೆಗೆ ಮೂಳೆ ಮುರಿದವರು, ಮೂತ್ರಪಿಂಡದಲ್ಲಿ ಕಲ್ಲಿರುವವರು, ಪೇಸ್‌ಮೇಕರ್ ಇರುವವರು ಹತ್ತಬೇಡಿ. ಮೊಳಕಾಲು ಕೆಂಪಾಗಿ ಬಿಸಿಯಾಗಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ, ಹಲಗೆಯ ಮಾತು ಆಮೇಲೆ.