ಸ್ವಸ್ಥನೆಂದರೆ ನಿಂತವನು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವೇದಿಕೆಯಲ್ಲಿ ನಿಂತು ಸಾಹಿತ್ಯವನ್ನು ಬಿಟ್ಟು ಆಸ್ಪತ್ರೆಯ ವಿಚಾರವನ್ನು ಎತ್ತಿಕೊಂಡರೆ ತಮಗೆ ಆಶ್ಚರ್ಯವಾಗಬಹುದು. ಆದರೆ ನಮ್ಮ ಹುಬ್ಬತಲೈಯಲ್ಲಿ ಆಸ್ಪತ್ರೆಯ ಹಂಗಿಲ್ಲದ ಮನೆ ಯಾವುದಿದೆ? ಕೂನೂರಿಗೋ ಉದಕಮಂಡಲಕ್ಕೋ, ಕಾಯಿಲೆ ಬಲವಾದರೆ ಘಟ್ಟವಿಳಿದು ಕೊಯಮತ್ತೂರಿಗೋ ಹಿರಿಯರನ್ನು ಕರೆದೊಯ್ಯುತ್ತೇವೆ. ರೋಗವೇನೋ ವಾಸಿಯಾಗುತ್ತದೆ. ಆದರೆ ಹೋಗುವಾಗ ತಮ್ಮ ಕಾಲಮೇಲೆ ನಡೆದು ಹೋದವರು ಬರುವಾಗ ಇಬ್ಬರ ತೋಳನ್ನು ಹಿಡಿದು ಬರುವುದುಂಟು. ಇದನ್ನು ನಾವು ಮುಪ್ಪಿನ ಲಕ್ಷಣವೆಂದು ಭಾವಿಸಿ ಸುಮ್ಮನಾಗುತ್ತೇವೆ. ಎಷ್ಟೋ ವೇಳೆ ಅದು ಹಾಸಿಗೆಯು ಮಾಡಿದ ಕೆಲಸವೆಂಬುದನ್ನು ತಮ್ಮ ಗಮನಕ್ಕೆ ತರುವುದೇ ಈ ಭಾಷಣದ ಉದ್ದೇಶ.

ವಾರ್ಡಿನಲ್ಲಿ ನಮ್ಮವರ ನಡತೆಯನ್ನು ನೋಡಿರಿ. ತಂದೆ ಎದ್ದು ಕೂಡಲು ಯತ್ನಿಸಿದೊಡನೆ ಮಗನು, “ಏಳಬೇಡಿ ಅಪ್ಪಾ, ಸುಮ್ಮನೆ ಮಲಗಿರಿ” ಎಂದು ತಡೆಯುತ್ತಾನೆ. ಸೊಸೆಯು ಬಾಯಿಗೆ ತುತ್ತಿಡುತ್ತಾಳೆ. ನೀರಿನ ಲೋಟವನ್ನೂ ಅವರೇ ಎತ್ತಿಕೊಳ್ಳುವಂತಿಲ್ಲ. ಇಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆದರೆ ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯು ದೇಹಕ್ಕೂ ಸಲ್ಲುತ್ತದೆ. ಸದಾ ಮಲಗಿದವನು ತನ್ನ ಬಲದ ಗಂಟನ್ನು ದಿನದಿನವೂ ಕರಗಿಸುತ್ತಿರುತ್ತಾನೆ. ಕಾಲಿನ ಮಾಂಸಖಂಡಗಳು ಸೊರಗುತ್ತವೆ, ರಕ್ತದ ಓಟ ನಿಧಾನವಾಗಿ ಕಾಲುಗಳಲ್ಲಿ ಹೆಪ್ಪುಗಟ್ಟುವ ಭಯವಿರುತ್ತದೆ, ಶ್ವಾಸಕೋಶದಲ್ಲಿ ಕಫ ನಿಲ್ಲುತ್ತದೆ, ಮಲಬದ್ಧತೆಯಾಗುತ್ತದೆ, ಬೆನ್ನಿನಲ್ಲಿ ಹುಣ್ಣೇಳುತ್ತದೆ, ವೃದ್ಧರಿಗೆ ಹಗಲಿರುಳುಗಳ ಪರಿವೆಯೂ ತಪ್ಪಬಹುದು.

ಹಿಂದೆ ವೈದ್ಯರೇ ದೀರ್ಘವಿಶ್ರಾಂತಿಯನ್ನು ವಿಧಿಸುತ್ತಿದ್ದರು. ಹೃದಯಾಘಾತವಾದವರನ್ನು ವಾರಗಟ್ಟಲೆ ಅಲುಗದಂತೆ ಮಲಗಿಸುತ್ತಿದ್ದರು. 1947ರಲ್ಲಿ ಆಂಗ್ಲ ವೈದ್ಯ ರಿಚರ್ಡ್ ಆಶರ್ ಹಾಸಿಗೆ ಹಿಡಿಯುವುದರ ಅಪಾಯಗಳನ್ನು ಕುರಿತು ಒಂದು ಲೇಖನವನ್ನು ಬರೆದು ವೈದ್ಯಲೋಕವನ್ನು ಎಚ್ಚರಿಸಿದನು. 1952ರಲ್ಲಿ ಅಮೆರಿಕದ ಲೆವಿನ್ ಮತ್ತು ಲೌನ್ ಎಂಬ ವೈದ್ಯರು ಹೃದಯಾಘಾತದ ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸಿ ಉಪಚರಿಸಿದ ಬಗೆಯನ್ನು ಪ್ರಕಟಿಸಿದರು. 1966ರಲ್ಲಿ ಡಲ್ಲಾಸ್ ನಗರದಲ್ಲಿ ಇಪ್ಪತ್ತರ ವಯಸ್ಸಿನ ಐವರು ತರುಣರನ್ನು ಮೂರು ವಾರ ಮಲಗಿಸಿ ಪರೀಕ್ಷಿಸಿದರು. 30 ವರ್ಷಗಳ ತರುವಾಯ ಅದೇ ಐವರನ್ನು ಮತ್ತೆ ಪರೀಕ್ಷಿಸಲಾಗಿ, ಅಷ್ಟು ವರ್ಷಗಳ ವಯಸ್ಸಿಗಿಂತ ಆ ಮೂರು ವಾರದ ಹಾಸಿಗೆಯೇ ಅವರ ದುಡಿಯುವ ಶಕ್ತಿಯನ್ನು ಹೆಚ್ಚು ಕುಗ್ಗಿಸಿತ್ತೆಂದು ತಿಳಿದುಬಂದಿತು. 2007ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಆರೋಗ್ಯವಂತ ವೃದ್ಧರು ಹತ್ತು ದಿನ ಮಲಗಿದ್ದರಿಂದ ಅವರ ಕಾಲುಗಳ ಮಾಂಸವು ಸುಮಾರು ಒಂದು ಕಿಲೋದಷ್ಟು ಕರಗಿತ್ತು. ಆರೋಗ್ಯವಂತರ ಗತಿಯೇ ಹೀಗಾದರೆ ಜ್ವರದಿಂದ ಬಳಲಿದವರ ಪಾಡೇನು?

ಹಾಗೆಂದು ರೋಗಿಯನ್ನು ಬಲವಂತವಾಗಿ ಎಬ್ಬಿಸಿ ನಡೆಸಬೇಕೆಂದು ನಾವು ಹೇಳುವುದಿಲ್ಲ. ಎಲುಬು ಮುರಿದವರು, ಎದೆನೋವಿನಿಂದ ನರಳುವವರು, ಉಬ್ಬಸದಿಂದ ಬಳಲುವವರು ಇವರ ವಿಷಯದಲ್ಲಿ ವೈದ್ಯರ ಮಾತೇ ಪ್ರಮಾಣ. ಆದುದರಿಂದ ದಿನವೂ ಬೆಳಿಗ್ಗೆ ವೈದ್ಯರನ್ನೋ ದಾದಿಯರನ್ನೋ, “ಇವರು ಇಂದು ಏಳಬಹುದೇ? ಎಷ್ಟು ದೂರ ನಡೆಯಬಹುದು?” ಎಂದು ಕೇಳಿರಿ. ಅಪ್ಪಣೆ ದೊರೆತರೆ ಊಟಕ್ಕೆ ಎಬ್ಬಿಸಿ ಕೂರಿಸಿರಿ. ತಾವೇ ಉಣ್ಣಬಲ್ಲವರು ತಾವೇ ಉಣ್ಣಲಿ. ಮಲಗಿದ್ದಾಗಲೂ ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸಲಿ. ಏಳುವಾಗ ಒಮ್ಮೆಲೇ ನಿಲ್ಲಿಸದೆ ಮಂಚದ ಅಂಚಿನಲ್ಲಿ ಕೆಲವು ನಿಮಿಷ ಕಾಲಿಳಿಬಿಟ್ಟು ಕೂರಿಸಿರಿ. ತಲೆಸುತ್ತು ಬಂದರೆ ಮತ್ತೆ ಮಲಗಿಸಿರಿ. ಜಾರದ ಪಾದರಕ್ಷೆ ಕಾಲಿಗಿರಲಿ, ಕನ್ನಡಕ ಕೈಗೆಟುಕಲಿ. ನಡೆಯುವಾಗ ಪಕ್ಕದಲ್ಲಿ ಒಬ್ಬರು ಇದ್ದೇ ಇರಬೇಕು. ಮೊದಲ ದಿನ ಕಿಟಕಿಯವರೆಗೆ, ಮರುದಿನ ಬಾಗಿಲವರೆಗೆ ಹೋದರೂ ಸಾಕು.

ಶುಶ್ರೂಷೆ ಎಂಬ ಶಬ್ದಕ್ಕೆ ಮೂಲಾರ್ಥವು ಕೇಳುವ ಇಚ್ಛೆ ಎಂಬುದಾಗಿದೆ. ವೈದ್ಯರು ಹೇಳಿದ್ದನ್ನು ಕೇಳುವುದೂ, “ನನಗೆ ಸ್ವಲ್ಪ ಏಳಬೇಕೆನಿಸುತ್ತದೆ” ಎಂಬ ರೋಗಿಯ ಮೆಲುದನಿಯನ್ನು ಕೇಳುವುದೂ ಶುಶ್ರೂಷೆಯೇ ಸರಿ. ಸ್ವಸ್ಥ ಎಂಬ ಶಬ್ದದಲ್ಲಿಯೂ ‘ನಿಲ್ಲು’ ಎಂಬರ್ಥದ ಧಾತುವಿದೆ. ತನ್ನಲ್ಲಿ ತಾನು ನಿಂತವನೇ ಸ್ವಸ್ಥನು.

ವಾರ್ಡಿನ ನೆಲ ಸಮತಟ್ಟಾದುದು. ನಮ್ಮ ಬೆಟ್ಟದ ದಾರಿಯಾದರೋ ಏರಿಳಿತದ್ದು. ಬಸ್ಸಿಳಿದು ಮನೆ ಸೇರಬೇಕಾದರೂ, ಚಹಾತೋಟಕ್ಕೆ ಹೋಗಬೇಕಾದರೂ, ಹಬ್ಬದ ದಿನ ಗುಡಿಯ ಮುಂದೆ ನೆರೆದವರೊಡನೆ ಕೂಡಬೇಕಾದರೂ ಕಾಲಿನಲ್ಲಿ ಕಸುವಿರಬೇಕು. ಅದನ್ನು ಕಳೆದುಕೊಂಡ ಹಿರಿಯರಿಗೆ ಊರೆಲ್ಲ ಒಂದು ಜಗಲಿಯಷ್ಟಕ್ಕೆ ಕುಗ್ಗುತ್ತದೆ. ಅವರ ಹಾಡು, ಕಥೆ, ಮಾತುಗಳೂ ನಮ್ಮ ಮಕ್ಕಳ ಕಿವಿಗೆ ದೂರವಾಗುತ್ತವೆ. ಈ ಗಡಿನಾಡಿನಲ್ಲಿ ಅದು ಸಣ್ಣ ನಷ್ಟವಲ್ಲ. ಆದುದರಿಂದ ಮುಂದೆ ಹಿರಿಯರೊಬ್ಬರ ಮಂಚದ ಬಳಿ ಕುಳಿತಾಗ, ಹಣ್ಣುಹಂಪಲುಗಳೊಡನೆ ತಮ್ಮ ತೋಳಿನ ಆಸರೆಯನ್ನೂ ಅವರಿಗೆ ನೀಡಿರೆಂದು ಪ್ರಾರ್ಥಿಸುತ್ತೇವೆ.